ಪ್ರಿಪರೇಟರಿಯಲ್ಲಿ 80ಕ್ಕೆ 74, ಸಿಇಟಿ ಮಾಕ್‌ನಲ್ಲಿ 60ಕ್ಕೆ 23: ಗಣಿತದಲ್ಲಿ ನಾನು ಎಲ್ಲಿ ಎಡವುತ್ತಿದ್ದೇನೆ?

ಅಡಕೆತೋಟ_07

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪದ ಕಡೆಯವಳು. ಸರ್ಕಾರಿ ಪಿಯು ಕಾಲೇಜು, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್). ದ್ವಿತೀಯ ಪಿಯು ಪರೀಕ್ಷೆ ಮೊನ್ನೆ ಮುಗಿಯಿತು. ಇಂಜಿನಿಯರಿಂಗ್ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಗೆ ಇನ್ನು ನಾಲ್ಕು ವಾರ ಇದೆ.

ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 74 ಬಂದಿತ್ತು. ಮುಖ್ಯ ಪರೀಕ್ಷೆಯೂ ಚೆನ್ನಾಗೇ ಆಗಿದೆ. ಆ ಧೈರ್ಯದಲ್ಲಿ ನಿನ್ನೆ ಸಿಇಟಿಯ ಹಳೇ ಗಣಿತ ಪೇಪರ್ ಒಂದನ್ನು ತೆಗೆದುಕೊಂಡು, ಅಣ್ಣನ ಮೊಬೈಲ್‌ನಲ್ಲಿ 80 ನಿಮಿಷಕ್ಕೆ ಅಲಾರಂ ಇಟ್ಟು ಕೂತೆ. ಬಂದಿದ್ದು 60ಕ್ಕೆ 23. ಕೀ ಉತ್ತರ ಎರಡು ಸಲ ತಾಳೆ ನೋಡಿದೆ. ಆಗಲೂ 23.

ಉತ್ತರ ಹಾಕಿದ್ದು 34ಕ್ಕೆ. ಅದರಲ್ಲಿ 11 ತಪ್ಪು. ಉಳಿದ 26 ಖಾಲಿ. ಅಲಾರಂ ಹೊಡೆದಾಗ ನಾನಿನ್ನೂ 43ನೇ ಪ್ರಶ್ನೆಯಲ್ಲಿದ್ದೆ.

ಗಣಿತ ನನ್ನ ಇಷ್ಟದ ವಿಷಯ ಅಂತ ಮನೆಯಲ್ಲಿ, ಕಾಲೇಜಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಈಗ ಎಂತ ಮಾಡುವುದು ಅಂತಲೇ ತೋಚುತ್ತಿಲ್ಲ. ಶಾರ್ಟ್‌ಕಟ್ ಪುಸ್ತಕ ತೆಗೆದುಕೊಳ್ಳಲಾ? ಫಾರ್ಮುಲಾ ಎಲ್ಲ ಮತ್ತೆ ಬಾಯಿಪಾಠ ಮಾಡಲಾ? ಕೋಚಿಂಗ್‌ಗೆ ಹೋಗುವ ಅನುಕೂಲ ಇಲ್ಲ.

ಬಬಲ್_ಗೋಳು

ತಡೀರಿ ತಡೀರಿ. 26 ಖಾಲಿ ಬಿಟ್ಟಿರಾ? ಯಾಕೆ?

ಅಡಕೆತೋಟ_07

ಗೊತ್ತಿಲ್ಲದ್ದಕ್ಕೆ ಹಾಕಿದರೆ ಅಂಕ ಕಳೀತಾರಲ್ವಾ?

ಬಬಲ್_ಗೋಳು

ಅದು ನೀಟ್, ಜೆಇಇ ಕಥೆ. ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗೇ ಇಲ್ಲ! 60 ಪ್ರಶ್ನೆ, ಒಂದಕ್ಕೆ ಒಂದು ಅಂಕ, ತಪ್ಪಾದರೆ ಸೊನ್ನೆ, ಅಷ್ಟೇ. 26ಕ್ಕೂ ಕಣ್ಣು ಮುಚ್ಚಿ ಒಂದೇ ಅಕ್ಷರ ಹಾಕಿದ್ದರೂ ನಾಲ್ಕರಲ್ಲಿ ಒಂದರಂತೆ ಆರೇಳು ಸಿಗುವ ಲೆಕ್ಕ. ನಿಮ್ಮ 23 ಅಲ್ಲೇ 29 ಆಯ್ತು. ಒಂದು ಸೂತ್ರವನ್ನೂ ಕಲಿಯದೆ.

ಅಡಕೆತೋಟ_07

ಅಯ್ಯೋ. ನನ್ನ ಗೆಳತಿ ನೀಟ್‌ಗೆ ಓದುತ್ತಿದ್ದಾಳೆ, ಅವಳು ಹೇಳಿದ್ದನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದೆ.

ಸೀಮೆಸುಣ್ಣ

ನಾನು ಪಿಯುನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಹಾಗಾಗಿ ನೀನು ಅಂತಲೇ ಬರೆಯುತ್ತೇನಮ್ಮ.

ಶಾರ್ಟ್‌ಕಟ್ ಪುಸ್ತಕ ಸದ್ಯಕ್ಕೆ ಬೇಡ. ಮೊದಲು ಒಂದು ಕೆಲಸ ಮಾಡು. ತಪ್ಪಾದ 11ನ್ನು ಒಂದೊಂದಾಗಿ ನೋಡಿ ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಬರಿ. ಖಾಲಿ ಬಿಟ್ಟ 26ರಲ್ಲಿ ಓದಿ ಬಿಟ್ಟಿದ್ದೆಷ್ಟು, ಓದದೇ ಉಳಿದಿದ್ದೆಷ್ಟು ಅಂತ ಬೇರೆ ಮಾಡು. ಓದದೇ ಉಳಿದವನ್ನು ಈಗ ಗಡಿಯಾರ ನೋಡದೆ ಬಿಡಿಸು. ನಾಳೆ ಇಲ್ಲಿ ಹಾಕು.

ಕಾಯಿಲೆ ಯಾವುದು ಅಂತ ತಿಳಿಯದೆ ಕಷಾಯ ಕುಡಿಯುವವರು ಈ ಪರೀಕ್ಷೆಗೆ ಜಾಸ್ತಿ.

ಕೃಷ್ಣಾತೀರ

ಬಾಗಲಕೋಟೆ ಕಡೆಯವನು. ನನ್ನ ಮಗನದೂ ಇದೇ ಹಣೆಬರಹ ರೀ ಸರ್. ಮೂರು ವಾರದ ಕ್ರ್ಯಾಶ್ ಕೋರ್ಸ್ ಸೇರಿಸಬೇಕು ಅಂತ ಮಾಡೀನಿ. ಅವನು ಒಲ್ಲೆ ಅಂತಾನೆ. ಮಾತಾಡಿಸಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಈ ಹುಡುಗಿ ಬರೆದಿದ್ದು ಓದಿ ಸ್ವಲ್ಪ ಸಮಾಧಾನ ಆಯಿತು, ನಮ್ಮ ಮನೆಯೊಂದೇ ಅಲ್ಲ ಅಂತ.

ರಸಾಯನ_ಪ್ರಿಯ

ಎಲ್ಲರೂ ಬೈದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ನಾಲ್ಕು ವಾರದಲ್ಲಿ ಗಣಿತದ ಹಿಂದೆ ಬೀಳುವುದು ದಡ್ಡತನ. ಇಂಜಿನಿಯರಿಂಗ್ ರ‍್ಯಾಂಕ್ ಹೇಗೆ ಬರುತ್ತದೆ? ಪಿಯುನ ಪಿಸಿಎಂ 300 ಅಂಕಕ್ಕೆ ಅರ್ಧ ಪಾಲು, ಸಿಇಟಿಯ 180ಕ್ಕೆ ಇನ್ನರ್ಧ. ಅಂದರೆ ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ಆದರೆ ಆ 3 ಅಂಕ ಗಣಿತದ್ದಾದರೇನು, ಕೆಮಿಸ್ಟ್ರಿಯದ್ದಾದರೇನು? ತೂಕ ಒಂದೇ. ಕೆಮಿಸ್ಟ್ರಿಯ ಪ್ರಶ್ನೆ ಓದಿದ ಕೂಡಲೇ ಉತ್ತರ ಗೊತ್ತಿರುತ್ತದೆ ಅಥವಾ ಇರುವುದಿಲ್ಲ. 80 ನಿಮಿಷದಲ್ಲಿ ಮುಗಿಸಿ ಕೈ ಕಟ್ಟಿ ಕೂರಬಹುದು. ಗಣಿತಕ್ಕೆ ದಿನಕ್ಕೆ ಒಂದು ಗಂಟೆ ಕೊಡಿ, ಉಳಿದದ್ದು ಅಲ್ಲಿಗೆ ಹಾಕಿ. ನಾನು ಹಾಗೇ ಮಾಡಿ ಸೀಟು ತೆಗೆದುಕೊಂಡವನು.

ಎರಡನೇ_ಸಲ

3ಕ್ಕೆ 5 ಲೆಕ್ಕ ಸರಿ. ಆದರೆ ಇವರಿಗೆ ಗಣಿತ ಬರುತ್ತದೆ, ಅಂಕ ಬರುತ್ತಿಲ್ಲ. ಅದು ಬೇರೆ ರೋಗ. ಗಣಿತ ಬಾರದವರಿಗೆ ನಿಮ್ಮ ಸಲಹೆ ಸರಿ ಹೋಗಬಹುದು.

ಸೀಮೆಸುಣ್ಣ

ರಸಾಯನ_ಪ್ರಿಯರ ಮಾತಿನಲ್ಲಿ ಅರ್ಧ ನಿಜ ಇದೆ. ನನ್ನ ಕೆಮಿಸ್ಟ್ರಿ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ ದಿನಾ ಇದನ್ನೇ ಹೇಳುತ್ತಿದ್ದರು. ಪೂರ್ತಿ ನಿಜ ಅಂತ ಆಗಲೂ ಒಪ್ಪಿಕೊಂಡಿಲ್ಲ, ಈಗಲೂ ಒಪ್ಪುವುದಿಲ್ಲ.

ಅಡಕೆತೋಟ_07

ಸರ್, ಮಾಡಿದೆ. ಅರ್ಧ ದಿನ ಹಿಡಿಯಿತು.

ತಪ್ಪಾದ 11ರಲ್ಲಿ: ಕೂಡುವುದು ಕಳೆಯುವುದು, ಮೈನಸ್ ಚಿಹ್ನೆ ಎಡವಟ್ಟು 4. ಪ್ರಥಮ ಪಿಯು ಸೂತ್ರ ಮರೆತಿದ್ದು 2. ಪ್ರಶ್ನೆಯನ್ನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದು 3. ನಿಜವಾಗಿ ಗೊತ್ತಿಲ್ಲದ್ದು 2 ಮಾತ್ರ.

ಖಾಲಿ 26ರಲ್ಲಿ: ಓದಿ, ಶುರು ಮಾಡಿ, ಅರ್ಧಕ್ಕೆ ಬಿಟ್ಟಿದ್ದು 9. ಓದೇ ಇಲ್ಲದ್ದು 17, ಅಂದರೆ 44ರಿಂದ 60. ಆ 17ನ್ನು ಈಗ ಬಿಡಿಸಿದರೆ 12 ಸರಿಯಾಯಿತು. ಅದರಲ್ಲಿ ಐದಾರು ಎಷ್ಟು ಸುಲಭ ಅಂದರೆ, ಪೆನ್ನು ಎತ್ತುವುದೇ ಬೇಕಿರಲಿಲ್ಲ. ವೆಕ್ಟರ್‌ನಲ್ಲಿ |ಎ + ಬಿ| = |ಎ − ಬಿ| ಆದರೆ ನಡುವಿನ ಕೋನ ಎಷ್ಟು ಅಂತ ಕೇಳಿದ್ದರು. 90 ಡಿಗ್ರಿ! ಅದು 51ನೇ ಪ್ರಶ್ನೆ. ನಾನು ಅಲ್ಲಿಗೆ ಹೋಗಲೇ ಇಲ್ಲ.

ಸೀಮೆಸುಣ್ಣ

ನೋಡು, ರೋಗ ಸಿಕ್ಕಿತು. ಹೊತ್ತು ತಿಂದ ಪ್ರಶ್ನೆ ಯಾವುದಾದರೂ ನೆನಪಿದೆಯಾ? ಹೇಗೆ ಬಿಡಿಸಿದೆ ಅಂತಲೂ ಹೇಳು.

ಅಡಕೆತೋಟ_07

9ನೇದು. ಸೊನ್ನೆಯಿಂದ ಪೈ ತನಕ ಇಂಟಿಗ್ರೇಷನ್. ಮೇಲೆ ಎಕ್ಸ್ ಸೈನ್ ಎಕ್ಸ್, ಕೆಳಗೆ 1 + ಕಾಸ್² ಎಕ್ಸ್. ಪಿಯುನಲ್ಲಿ 5 ಅಂಕಕ್ಕೆ ಅಭ್ಯಾಸ ಮಾಡಿಸಿದ್ದರು. ಮೊದಲು ಪ್ರಾಪರ್ಟಿ ಬರೆದೆ. ಎಕ್ಸ್ ಇದ್ದ ಕಡೆ ಪೈ − ಎಕ್ಸ್ ಹಾಕಿದೆ. ಎರಡೂ ಸಮೀಕರಣ ಕೂಡಿಸಿದೆ. ಕಾಸ್ ಎಕ್ಸ್ = ಟಿ ಅಂತ ಇಟ್ಟೆ. ಲಿಮಿಟ್ ಬದಲಾಯಿಸಿದೆ. ಪೈ²/4 ಬಂತು, ಸರಿಯಾಗಿದೆ. ಆದರೆ ಮೊಬೈಲ್ ನೋಡಿದರೆ ಅದೊಂದಕ್ಕೇ ಏಳು ನಿಮಿಷ ಹೋಗಿತ್ತು. ರಫ್ ಹಾಳೆಯಲ್ಲಿ 'ದೇರ್‌ಫೋರ್' ಚುಕ್ಕಿಗಳನ್ನೂ ಇಟ್ಟಿದ್ದೇನೆ, ನೋಡಿ ನನಗೇ ನಗು ಬಂತು.

ಸೀಮೆಸುಣ್ಣ

ಆ ಮೂರು ಚುಕ್ಕಿ ಇಡಲು ಕಲಿಸಿದವರು ನಾವೇ ಅಮ್ಮ. ತಪ್ಪು ನಿನ್ನದಲ್ಲ. ಪಿಯುನಲ್ಲಿ ಉತ್ತರ ತಪ್ಪಾದರೂ ಹಂತಕ್ಕೆ ಅಂಕ ಇದೆ. ಹಾಗಾಗಿ ನೀಟಾಗಿ ಬರೆಯುವವರೇ ಅಲ್ಲಿ ಜಾಣರು. ಇಲ್ಲಿ ಹಂತ ನೋಡುವ ಕಣ್ಣೇ ಇಲ್ಲ. ಯಂತ್ರ ನೋಡುವುದು ಒಂದು ಕಪ್ಪು ಚುಕ್ಕಿಯನ್ನು. 80 ನಿಮಿಷ, 60 ಪ್ರಶ್ನೆ, ಅಂದರೆ ತಲಾ 80 ಸೆಕೆಂಡ್. ಓದುವುದು, ಯೋಚಿಸುವುದು, ಲೆಕ್ಕ ಮಾಡುವುದು, ಗೋಲ ತುಂಬುವುದು ಎಲ್ಲ ಅದರೊಳಗೇ. ನಿನ್ನ ಏಳು ನಿಮಿಷದಲ್ಲಿ ಐದು ಪ್ರಶ್ನೆ ಹೋಯಿತು. 51ನೇ ವೆಕ್ಟರ್ ಲೆಕ್ಕವೂ ಅದರಲ್ಲೇ ಹೋಯಿತು.

ಈಗ ಅದೇ ಲೆಕ್ಕವನ್ನು ಸಿಇಟಿ ಕಣ್ಣಲ್ಲಿ ನೋಡು. ಆ ಒಂಟಿ ಎಕ್ಸ್ ಬಿಟ್ಟರೆ ಉಳಿದ ಭಾಗ ಎಕ್ಸ್ ಬದಲು ಪೈ − ಎಕ್ಸ್ ಹಾಕಿದರೂ ಬದಲಾಗುವುದಿಲ್ಲ. ಸೈನ್ ಅದೇ. ಕಾಸ್ ಚಿಹ್ನೆ ಬದಲಾದರೂ ವರ್ಗದಲ್ಲಿ ಮುಚ್ಚಿಹೋಗುತ್ತದೆ. ಹೀಗಿದ್ದಾಗ ಎಕ್ಸ್ ಅನ್ನು ಎತ್ತಿ ಅದರ ಜಾಗದಲ್ಲಿ ಪೈ/2 ಅಂತ ಹೊರಗಿಡಬಹುದು. ಒಳಗೆ ಉಳಿದದ್ದು ಟ್ಯಾನ್ ಇನ್ವರ್ಸ್, ಅದರ ಬೆಲೆ ಪೈ/2. ಗುಣಿಸಿದರೆ ಪೈ²/4. ಎರಡು ಸಾಲು.

ಇದು ಮೋಸದ ದಾರಿ ಅಲ್ಲ. ನೀನು ಬರೆದ ಪ್ರಾಪರ್ಟಿಯೇ ಇದು. ಬರೆಯುವ ಬದಲು ನೋಡಿದೆವು, ಅಷ್ಟೇ ವ್ಯತ್ಯಾಸ.

ಇನ್ನೊಂದು ಕೊಡುತ್ತೇನೆ, ಬಾಯಲ್ಲೇ ಮಾಡು. 2ರಿಂದ 8ರ ತನಕ, ಮೇಲೆ √(10 − ಎಕ್ಸ್), ಕೆಳಗೆ √ಎಕ್ಸ್ + √(10 − ಎಕ್ಸ್).

ಅಡಕೆತೋಟ_07

2 + 8 = 10. ಎಕ್ಸ್ ಬದಲು 10 − ಎಕ್ಸ್ ಹಾಕಿದರೆ ಮೇಲಿನದು √ಎಕ್ಸ್ ಆಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಎರಡೂ ಕೂಡಿದರೆ ಬರೀ 1. ಹಾಗಾದರೆ (8 − 2)/2 = 3?

ಸೀಮೆಸುಣ್ಣ

3. ಎಷ್ಟು ಹೊತ್ತಾಯಿತು?

ಅಡಕೆತೋಟ_07

ಟೈಪ್ ಮಾಡಿದ್ದೇ ಜಾಸ್ತಿ ಹೊತ್ತು ಸರ್.

ಕೃಷ್ಣಾತೀರ

ಇದನ್ನು ಮಗನಿಗೆ ಬಾಗಿಲ ಸಂದಿಯಿಂದ ತೋರಿಸಿದೆ. ಫೋನ್ ಕಸಿದುಕೊಂಡು ಒಳಗೆ ಹೋದಾನ. ಇನ್ನೂ ಕೊಟ್ಟಿಲ್ಲ, ಈಗ ಮನೆಯವಳ ಫೋನಿನಿಂದ ಬರೆಯಾಕತ್ತೀನಿ.

ಮಂಜೇಶ್ವರದವಳು

"ಪ್ರಶ್ನೆಯನ್ನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದು 3" ಅಂದಿರಲ್ಲ, ಅವು ಯಾವುವು ಹೇಳ್ತೀರಾ? ನಾನು ಗಡಿನಾಡಿನವಳು, ಹತ್ತರ ತನಕ ಕನ್ನಡ ಮಾಧ್ಯಮ. ನನಗೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲೇ.

ಅಡಕೆತೋಟ_07

ನಾನೂ ಕನ್ನಡ ಮಾಧ್ಯಮವೇ ಅಕ್ಕ.

ಒಂದು: ನಾಣ್ಯವನ್ನು ಮೂರು ಸಲ ಚಿಮ್ಮಿದಾಗ 'ಅಟ್ ಲೀಸ್ಟ್ ಒನ್ ಹೆಡ್'. ನಾನು ಒಂದೇ ಒಂದು ಹೆಡ್ ಅಂದುಕೊಂಡು 3/8 ಹಾಕಿದೆ. 7/8 ಆಗಬೇಕಿತ್ತು.

ಎರಡು: ಕೊಟ್ಟ ನಾಲ್ಕು ಹೇಳಿಕೆಯಲ್ಲಿ 'ನಾಟ್ ಕರೆಕ್ಟ್' ಯಾವುದು ಅಂತ. ನಾನು ಸರಿ ಇದ್ದದ್ದನ್ನು ಕಂಡ ಕೂಡಲೇ ಖುಷಿಯಲ್ಲಿ ಹಾಕಿಬಿಟ್ಟೆ.

ಮೂರು: ಎ ಎಂಬುದು 3×3 ಮ್ಯಾಟ್ರಿಕ್ಸ್, |ಎ| = 5, ಹಾಗಾದರೆ |2ಎ| ಎಷ್ಟು? 10 ಹಾಕಿದೆ. ಆಪ್ಷನ್‌ನಲ್ಲಿ 10 ಇತ್ತು, ಅನುಮಾನವೇ ಬರಲಿಲ್ಲ.

ಸೀಮೆಸುಣ್ಣ

10 ಇದ್ದೇ ಇರುತ್ತದೆ! ಪ್ರಶ್ನೆ ತೆಗೆಯುವವರು ಆಪ್ಷನ್ ಸುಮ್ನೆ ಹಾಕುವುದಿಲ್ಲ. ಮಕ್ಕಳು ಎಲ್ಲೆಲ್ಲಿ ಜಾರುತ್ತಾರೆ ಅಂತ ನೋಡಿ ಒಂದೊಂದು ಜಾರುಬಂಡೆ ಇಡುತ್ತಾರೆ. ಮ್ಯಾಟ್ರಿಕ್ಸನ್ನು 2ರಿಂದ ಗುಣಿಸಿದರೆ ಮೂರೂ ಸಾಲಿಗೆ 2 ಹೋಗುತ್ತದೆ. ಡಿಟರ್ಮಿನೆಂಟ್‌ನಿಂದ ಪ್ರತಿ ಸಾಲಿಗೂ ಒಂದೊಂದು 2 ಆಚೆ ಬರುತ್ತದೆ. 2×2×2 = 8, ಐದೆಂಟಲ 40. ಅಡ್ಜಾಯಿಂಟ್‌ನ ಡಿಟರ್ಮಿನೆಂಟ್ ಕೇಳಿದರೆ |ಎ|ಯ ವರ್ಗ, 25. ಈ ಎರಡನ್ನೂ ಅದಲು ಬದಲು ಮಾಡುವವರು ಪ್ರತಿ ವರ್ಷ ಇರುತ್ತಾರೆ.

ಇದು ಇಂಗ್ಲಿಷ್ ತೊಂದರೆ ಅಲ್ಲ, ಅವಸರದ ತೊಂದರೆ. ಮೊದಲಿನೆರಡು ಭಾಷೆಯವು.

ಮಂಜೇಶ್ವರದವಳು

ನಾನು ಮಾಡಿದ್ದು ಹೇಳುತ್ತೇನೆ. ಒಂದು ಪುಟ್ಟ ಪುಸ್ತಕ ಇಟ್ಟೆ. ಹಳೇ ಪೇಪರ್‌ಗಳಲ್ಲಿ ನನ್ನನ್ನು ಬೀಳಿಸಿದ ಇಂಗ್ಲಿಷ್ ಪದ ಮಾತ್ರ ಅದರಲ್ಲಿ. ನಿಘಂಟಿನ ಅರ್ಥ ಅಲ್ಲ, ನನಗೆ ಹೊಳೆಯುವ ಅರ್ಥ. ಅಟ್ ಲೀಸ್ಟ್ ಎರಡು: ಎರಡು, ಅದಕ್ಕಿಂತ ಜಾಸ್ತಿಯೂ ಆಗಬಹುದು. ಅಟ್ ಮೋಸ್ಟ್ ಎರಡು: ಎರಡು ಅಥವಾ ಕಡಿಮೆ, ಸೊನ್ನೆಯೂ ಸೇರಿ. ಕೊಲಿನಿಯರ್: ಒಂದೇ ಗೆರೆಯ ಮೇಲೆ. ಕೊಪ್ಲೇನರ್: ಒಂದೇ ಮೇಜಿನ ಮೇಲೆ. ಮ್ಯೂಚುವಲಿ ಎಕ್ಸ್‌ಕ್ಲೂಸಿವ್: ಎರಡೂ ಒಟ್ಟಿಗೆ ಆಗಲಿಕ್ಕೆ ಸಾಧ್ಯವೇ ಇಲ್ಲ. ಇಂಡಿಪೆಂಡೆಂಟ್: ಒಂದು ಆದರೆ ಇನ್ನೊಂದಕ್ಕೆ ಏನೂ ಬಾಧೆ ಇಲ್ಲ. ಈ ಕೊನೆಯೆರಡು ಒಂದೇ ಅಂತ ನಾನು ವರ್ಷವಿಡೀ ನಂಬಿದ್ದೆ.

ಒಟ್ಟು ಮೂವತ್ತು ಪದ ದಾಟಲಿಲ್ಲ. ಬಹುಪದೋಕ್ತಿ, ಸಮಾಂತರ ಶ್ರೇಢಿ ಅಂತ ಹತ್ತರಲ್ಲಿ ಕಲಿತದ್ದೇ ಪಾಲಿನಾಮಿಯಲ್, ಎ.ಪಿ. ಅಂತ ಬಂದು ಹೆದರಿಸುವುದು. ಮುಖ ಅದೇ, ವೇಷ ಬೇರೆ.

ನಮ್ಮಂಥ ಗಡಿನಾಡಿನವರಿಗೆ ಬೇರೆ ಕನ್ನಡ ಪರೀಕ್ಷೆ ಇರುತ್ತದೆ. ಅದನ್ನು ನಗುನಗುತ್ತಾ ಬರೆದು ಬಂದು, ಗಣಿತದ ಹಾಲ್‌ನಲ್ಲಿ ಇಂಗ್ಲಿಷ್‌ಗೆ ಬಿದ್ದದ್ದು ನಾನು.

ಎರಡನೇ_ಸಲ

ಒಂದು ವಿಷಯ, ಇದಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. 1ರಿಂದ 10 ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5 ಮೀಸಲಾತಿ ಇದೆ. ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15. ಅರ್ಜಿಯಲ್ಲಿ ಕ್ಲೇಮ್ ಮಾಡಿದ್ದೀರಾ? ಪ್ರಮಾಣಪತ್ರಕ್ಕೆ ಶಾಲೆಗೆ ಈಗಲೇ ಹೋಗಿ. ನನ್ನ ಹೆಡ್‌ಮಾಸ್ಟರ್ ಸಹಿಗೆ ಮೂರು ಸಲ ಬಸ್ ಹತ್ತಿದ್ದೇನೆ.

ಅಡಕೆತೋಟ_07

ಅರ್ಜಿಯಲ್ಲಿ ಎರಡೂ ಹಾಕಿದ್ದೇನೆ ಅಣ್ಣ. ಸಹಿ ಬಾಕಿ. ನಾಳೆ ಅಪ್ಪನನ್ನು ಕಳಿಸುತ್ತೇನೆ.

ಬಬಲ್_ಗೋಳು

ಈಗ ನನ್ನ ಹೆಸರಿನ ಕಥೆ ಹೇಳುವ ಹೊತ್ತು ಬಂತು. ನಾನು ಬರೆದಿದ್ದು 2022ರಲ್ಲಿ. 23ನೇ ಪ್ರಶ್ನೆ ಬರಲಿಲ್ಲ, ಬಿಟ್ಟೆ. ಜಾಣತನ ಅಂತ ಬೀಗಿದೆ. 24ರ ಉತ್ತರ ಸಿಕ್ಕಿತು, ಓಎಂಆರ್‌ನಲ್ಲಿ (ಗೋಲ ತುಂಬುವ ಉತ್ತರ ಹಾಳೆ) 23ರ ಸಾಲಿನಲ್ಲಿ ತುಂಬಿದೆ. 25ರದ್ದು 24ಕ್ಕೆ. ಹೀಗೇ ರೈಲು ಓಡಿತು. 33ಕ್ಕೆ ಬಂದಾಗ ಗೊತ್ತಾಯಿತು. ಬಾಲ್‌ಪೆನ್ನು, ಅಳಿಸುವ ಹಾಗಿಲ್ಲ. ಒಂಬತ್ತು ಗೋಲ ಕಪ್ಪಾಗಿ ನನ್ನನ್ನೇ ನೋಡುತ್ತಿದ್ದವು. ಆಮೇಲೆ ಹತ್ತು ನಿಮಿಷ ಏನು ಓದಿದೆ ಅಂತ ನನಗೇ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಆ ಒಂಬತ್ತಕ್ಕಿಂತ ಆ ಹತ್ತು ನಿಮಿಷವೇ ಜಾಸ್ತಿ ತಿಂದಿದ್ದು.

ಪ್ರಶ್ನೆ ಬಿಡುವುದನ್ನು ಕಲಿಯುವವರು ಓಎಂಆರ್‌ನಲ್ಲಿ ಸಾಲು ಬಿಡುವುದನ್ನೂ ಜೊತೆಯಲ್ಲೇ ಕಲಿಯಬೇಕು. ಮನೆಯಲ್ಲೂ ಓಎಂಆರ್ ಪ್ರಿಂಟ್ ಮೇಲೆಯೇ ಅಭ್ಯಾಸ ಮಾಡಿ. ತುಂಬುವ ಮೊದಲು ಮನಸ್ಸಲ್ಲಿ "24, ಸಿ" ಅಂತ ಹೇಳಿಕೊಂಡು ತುಂಬಿ. ಪೆದ್ದುತನ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ವಾಚ್ ಒಳಗೆ ಬಿಡುವುದಿಲ್ಲ, ಮೊಬೈಲ್ ಅಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಮಾಕ್ ಬರೆಯುವಾಗಲೂ ಗೋಡೆ ಗಡಿಯಾರ ನೋಡಿಯೇ ಬರೆಯಿರಿ.

ಸೀಮೆಸುಣ್ಣ

ಸರಿಯಾದ ಮಾತು. ಬಿಡುವುದು ಹೇಗೆ ಅಂತ ಈಗ ಹೇಳುತ್ತೇನೆ.

ಪೇಪರನ್ನು ಮೂರು ಸುತ್ತು ಮಾಡು. ಮೊದಲ ಸುತ್ತು 40 ನಿಮಿಷ. 1ರಿಂದ 60ರ ತನಕ ಹೋಗಲೇಬೇಕು. ದಾರಿ ಕಂಡದ್ದನ್ನು ಮಾತ್ರ ಮಾಡು. ಓದಿ ಹತ್ತು ಹದಿನೈದು ಸೆಕೆಂಡಿನಲ್ಲಿ ದಾರಿ ಕಾಣದಿದ್ದರೆ ಪಕ್ಕದಲ್ಲಿ ಒಂದು ಗೀಟು ಎಳೆದು ಮುಂದೆ. ದಾರಿ ಕಂಡಿದೆ, ಆದರೆ ಉದ್ದ ಇದೆ ಅಂದರೆ ಪಕ್ಕದಲ್ಲಿ ಒಂದು ಸೊನ್ನೆ ಹಾಕಿ ಮುಂದೆ. ಎರಡನೇ ಸುತ್ತು 30 ನಿಮಿಷ, ಸೊನ್ನೆ ಹಾಕಿದವು ಮಾತ್ರ. ಕೊನೇ 10 ನಿಮಿಷ ಗೀಟಿನವು. ಅದರಲ್ಲೂ ಕೊನೇ ಮೂರು ನಿಮಿಷ ಏನೂ ಲೆಕ್ಕ ಬೇಡ, ಉಳಿದದ್ದಕ್ಕೆಲ್ಲ ಒಂದೇ ಅಕ್ಷರ.

ಯಾವ ಅಕ್ಷರ ಅಂತ ಕೇಳಬೇಡ. ಬಿ ಜಾಸ್ತಿ ಬರುತ್ತದೆ, ಸಿ ಜಾಸ್ತಿ ಬರುತ್ತದೆ ಅಂತ ನನ್ನ ಹತ್ತಿರ ಆಣೆ ಇಟ್ಟವರಿದ್ದಾರೆ.

ರಸಾಯನ_ಪ್ರಿಯ

ಡಿ.

ಬಬಲ್_ಗೋಳು

ಬಂದರು ನೋಡಿ.

ಎರಡನೇ_ಸಲ

ಮೇಷ್ಟ್ರ ಮೂರು ಸುತ್ತಿಗೆ ನನ್ನ ಎರಡು ಸೇರಿಸುತ್ತೇನೆ.

ಮೊದಲನೆಯದು, ಆಪ್ಷನ್‌ನಿಂದ ಹಿಂದಕ್ಕೆ ಹೋಗುವುದು. ಉದಾಹರಣೆಗೆ ಸೈನ್⁶ ಥೀಟಾ + ಕಾಸ್⁶ ಥೀಟಾ + 3 ಸೈನ್² ಥೀಟಾ ಕಾಸ್² ಥೀಟಾ ಎಷ್ಟು ಅಂತ. ಪಿಯುನಲ್ಲಾದರೆ ಎ ಕ್ಯೂಬ್ ಪ್ಲಸ್ ಬಿ ಕ್ಯೂಬ್ ಅಂತ ಬಿಡಿಸಬೇಕು. ಇಲ್ಲಿ ಥೀಟಾಗೆ 45 ಡಿಗ್ರಿ ಹಾಕಿ. 1/8 + 1/8 + 3/4 = 1. ಮುಗೀತು. 0 ಡಿಗ್ರಿ ಇನ್ನೂ ಸುಲಭ ಅಂತ ಎಲ್ಲರೂ 0 ಹಾಕುತ್ತಾರೆ. ಆದರೆ ಆಪ್ಷನ್‌ನಲ್ಲಿ 1 ಕೂಡ ಇದ್ದು ಕಾಸ್ 2ಥೀಟಾ ಕೂಡ ಇದ್ದರೆ, 0 ಡಿಗ್ರಿಗೆ ಎರಡೂ 1ಏ! ಎರಡು ಆಪ್ಷನ್ ಒಂದೇ ಬೆಲೆ ಕೊಟ್ಟರೆ ಬೇರೆ ಕೋನ ಹಾಕಿ ನೋಡಲೇಬೇಕು.

ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಮೂಲೆ ಬಿಂದುಗಳನ್ನು ಕೊಟ್ಟಿದ್ದರೆ ಗ್ರಾಫ್ ಎಳೆಯುವ ಗೋಜೇ ಬೇಡ, ಬೆಲೆ ಹಾಕಿ ನೋಡಿದರೆ ಸಾಕು. ಡಿಫರೆನ್ಷಿಯಲ್ ಈಕ್ವೇಶನ್‌ನ ಆರ್ಡರ್, ಡಿಗ್ರಿ ಕೂಡ ಬಿಟ್ಟಿ ಅಂಕ. ಸೈನ್ ಒಳಗೆ ಡೆರಿವೇಟಿವ್ ಕೂತಿದ್ದರೆ ಡಿಗ್ರಿ ಇಲ್ಲ ಅಂತ ನೆನಪಿದ್ದರೆ ಸರಿ.

ಎರಡನೆಯದು, ಪ್ರಥಮ ಪಿಯು. ನಾನು ಮೊದಲ ಸಲ ಮುಗ್ಗರಿಸಿದ್ದೇ ಅಲ್ಲಿ. ದ್ವಿತೀಯ ಪಿಯು ಬೋರ್ಡ್ ಪರೀಕ್ಷೆ ಅಂತ ವರ್ಷವೆಲ್ಲ ಅದನ್ನೇ ಉಜ್ಜಿ, ಪ್ರಥಮದ ಪುಸ್ತಕ ತಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಸಿಇಟಿಯಲ್ಲಿ ಎರಡೂ ವರ್ಷದ್ದು ಬರುತ್ತದೆ. ಪರ್ಮುಟೇಶನ್, ಬೈನೋಮಿಯಲ್, ಸರಳ ರೇಖೆ, ಕೋನಿಕ್ಸ್, ಸ್ಟ್ಯಾಟಿಸ್ಟಿಕ್ಸ್. ಸಣ್ಣ ಸಣ್ಣ ಪಾಠ. ಒಂದೊಂದಕ್ಕೆ ಒಂದು ಸಂಜೆ ಸಾಕು.

ರಸಾಯನ_ಪ್ರಿಯ

ಇಂಡೆಫಿನಿಟ್ ಇಂಟಿಗ್ರಲ್‌ಗೆ ನಾಲ್ಕೂ ಆಪ್ಷನ್ ಡಿಫರೆನ್ಷಿಯೇಟ್ ಮಾಡಿ ನೋಡಿದರೆ ಆಯ್ತಲ್ಲ?

ಎರಡನೇ_ಸಲ

ನಾಲ್ಕನ್ನೂ ಮಾಡುವ ಹೊತ್ತಿಗೆ ನೇರವಾಗಿಯೇ ಮಾಡಿ ಮುಗಿಸಬಹುದು. ಎರಡು ಆಪ್ಷನ್ ಕಣ್ಣಲ್ಲೇ ಹೊಡೆದು ಹಾಕಲು ಆದರೆ ಮಾತ್ರ ಲಾಭ.

ಅಡಕೆತೋಟ_07

ಹಳೇ ಪೇಪರ್ ಎಷ್ಟು ವರ್ಷದ್ದು ಮಾಡಲಿ? ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಿಂದ ಅಣ್ಣ ಇಳಿಸಿ ಕೊಟ್ಟಿದ್ದಾನೆ.

ಸೀಮೆಸುಣ್ಣ

ಒಂದು ಏಳೆಂಟು ಸಾಕು. ದಿನಕ್ಕೊಂದು ಬೇಡ, ಎರಡು ದಿನಕ್ಕೊಂದು. ಒಂದು ದಿನ ಬರೆ, ಮರುದಿನ ನೀನು ಈ ಸಲ ಮಾಡಿದ ಹಾಗೆ ತಪ್ಪುಗಳ ಪಟ್ಟಿ ಮಾಡು. ಪಟ್ಟಿ ಮಾಡದೆ ಹತ್ತು ಪೇಪರ್ ಬರೆದರೆ ಹತ್ತು ಸಲ ಅದೇ ಗುಂಡಿಗೆ ಬೀಳುತ್ತೀಯ.

2024ರ ಪೇಪರ್ ಇಟ್ಟುಕೊಂಡರೆ ಒಂದು ಎಚ್ಚರ. ಆ ವರ್ಷ ಪಠ್ಯದಿಂದ ಕೈಬಿಟ್ಟ ಭಾಗಗಳಿಂದ ಪ್ರಶ್ನೆ ಬಂದು ದೊಡ್ಡ ಗಲಾಟೆ ಆಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆ ಬಿಟ್ಟು ಮೌಲ್ಯಮಾಪನ ಮಾಡಿದರು. ಗಣಿತದ್ದೇ 15. ಹಾಗಾಗಿ ಆ ಪೇಪರನ್ನು 45 ಪ್ರಶ್ನೆಗೆ 60 ನಿಮಿಷ ಅಂತ ಇಟ್ಟು ಬರಿ. ತಲಾ 80 ಸೆಕೆಂಡ್ ಲೆಕ್ಕ ಅದೇ ಆಗುತ್ತದೆ. ಆ 15ನ್ನು ಇಟ್ಟುಕೊಂಡು ಗುದ್ದಾಡಿ, ಬರುತ್ತಿಲ್ಲ ಅಂತ ಅಳಬೇಡ.

ಕೃಷ್ಣಾತೀರ

ಸರ್, ಕ್ರ್ಯಾಶ್ ಕೋರ್ಸ್ ಬಗ್ಗೆ ಒಂದು ಮಾತು ಹೇಳಲಿಲ್ಲ.

ಸೀಮೆಸುಣ್ಣ

ಮಗ ಒಲ್ಲೆ ಅನ್ನುತ್ತಿದ್ದರೆ ಬೇಡ ಬಿಡಿ. ದಿನಕ್ಕೆ ಎಂಟು ಗಂಟೆ ಅಲ್ಲಿ ಕೂತು ಬಂದರೆ ಸ್ವಂತವಾಗಿ ಬಿಡಿಸಲು ಹೊತ್ತೆಲ್ಲಿ? ಅವನು ಪೇಪರ್ ಬರೆಯುವಾಗ ನೀವು ಗಡಿಯಾರ ಹಿಡಿದು ಪಕ್ಕದಲ್ಲಿ ಕೂರಿ. ಮಾತಾಡಬೇಡಿ. ಅದು ಕಷ್ಟ, ಗೊತ್ತು.

ಅಡಕೆತೋಟ_07

*(ಹತ್ತು ದಿನದ ನಂತರ)*

ಮೂರು ಪೇಪರ್ ಮುಗಿಸಿದೆ. 31, 37, 35.

ಮೊದಲ ಸಲ ಮೂರು ಸುತ್ತಿನ ಲೆಕ್ಕದಲ್ಲಿ ಬರೆಯುವಾಗ ಬಿಡುವುದು ಎಷ್ಟು ಕಷ್ಟ ಆಯಿತು ಅಂದರೆ, ಬಿಟ್ಟ ಪ್ರಶ್ನೆ ಮುಂದಿನ ಪುಟಕ್ಕೂ ಹಿಂದೆ ಹಿಂದೆ ಬರುತ್ತಿತ್ತು. ಅರ್ಧ ಬಿಡಿಸಿದ ಲೆಕ್ಕ ಬಿಟ್ಟು ಬರುವುದು ನನಗೆ ಅನ್ನ ಬಿಟ್ಟು ಎದ್ದ ಹಾಗೆ. ಮೂರನೇ ಪೇಪರ್‌ನಲ್ಲಿ 35ಕ್ಕೆ ಇಳಿದಿದ್ದೂ ಅದಕ್ಕೇ. ಎಲಿಪ್ಸ್‌ನ ಒಂದು ಲೆಕ್ಕಕ್ಕೆ ಹಠ ಹಿಡಿದೆ. ಐದು ನಿಮಿಷ ಹೋಯಿತು, ಉತ್ತರವೂ ತಪ್ಪು.

ಆದರೆ ಮೂರಕ್ಕೆ ಮೂರರಲ್ಲೂ 60ನೇ ಪ್ರಶ್ನೆಯ ಮುಖ ನೋಡಿದ್ದೇನೆ.

ಸೀಮೆಸುಣ್ಣ

ಚಿಹ್ನೆ ಎಡವಟ್ಟು ಎಷ್ಟು ಈಗ?

ಅಡಕೆತೋಟ_07

ಎರಡು, ಮೂರು, ಎರಡು. ರಫ್ ಕೆಲಸವನ್ನು ಮೂಲೆಯಲ್ಲಿ ಗುಬ್ಬಿ ಅಕ್ಷರದಲ್ಲಿ ಮಾಡುತ್ತಿದ್ದೆ, ನನ್ನದೇ ಮೈನಸ್ ನನಗೇ ಕಾಣುತ್ತಿರಲಿಲ್ಲ. ಈಗ ದೊಡ್ಡದಾಗಿ ಬರೆಯುತ್ತೇನೆ. ದೇರ್‌ಫೋರ್ ಚುಕ್ಕಿ ಇಲ್ಲದೆ.

ಕೃಷ್ಣಾತೀರ

ನಮ್ಮವನದು 28ರಿಂದ 34. ಗಡಿಯಾರ ಹಿಡಿದು ಕೂತಿದ್ದೆ ಸರ್. ನಾಲ್ಕು ಸಲ ಬಾಯಿ ತನಕ ಬಂದಿತ್ತು, ನುಂಗಿದೆ.

ಮಂಜೇಶ್ವರದವಳು

ನೀವು ಗೆದ್ದಿರಿ ಮಾವ.

ಅಡಕೆತೋಟ_07

*(ಪರೀಕ್ಷೆಯ ಹಿಂದಿನ ರಾತ್ರಿ)*

ಸೆಂಟರ್ ಚಿಕ್ಕಮಗಳೂರು. ಅತ್ತೆ ಮನೆಗೆ ಬಂದಿದ್ದೇನೆ. ಹಾಲ್ ಟಿಕೆಟ್, ಐಡಿ, ಎರಡು ಬಾಲ್‌ಪೆನ್ನು ಎಲ್ಲ ಚೀಲದಲ್ಲಿದೆ. ಈಗ ಕೋನಿಕ್ಸ್ ಒಂದು ಸಲ ತಿರುವಿ ಹಾಕಲಾ ಸರ್?

ಸೀಮೆಸುಣ್ಣ

ಬೇಡ. ಅತ್ತೆ ಹತ್ತಿರ ಮಾತಾಡಿ ಮಲಗು.

ಅಡಕೆತೋಟ_07

*(ಮೂರು ದಿನದ ನಂತರ)*

ಬರೆದು ಬಂದೆ. ಫಿಸಿಕ್ಸ್ ಬಗ್ಗೆ ಕೇಳಬೇಡಿ. ಗಣಿತ ಮೂರು ಸುತ್ತಲ್ಲೇ ಮುಗಿಸಿದೆ. ಕೊನೆಯಲ್ಲಿ 11 ಉಳಿದಿದ್ದವು, ಎಲ್ಲದಕ್ಕೂ ಡಿ ಹಾಕಿದೆ (ರಸಾಯನ_ಪ್ರಿಯ ಅಣ್ಣನ ನೆನಪಲ್ಲಿ). ಕೀ ಉತ್ತರ ಬರುವ ತನಕ ಎಣಿಸುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಬಬಲ್_ಗೋಳು

ಮತ್ತೆ ಓಎಂಆರ್?

ಅಡಕೆತೋಟ_07

ಹೇಳಿದರೆ ನಂಬುವುದಿಲ್ಲ ನೀವು. ಮೊದಲ ಸುತ್ತಿನಲ್ಲಿ ನಾನು ಬಿಟ್ಟವುಗಳಲ್ಲಿ 23ನೇದೂ ಇತ್ತು. ನಿಮ್ಮ ನೆನಪಾಗಿ ಕೈ ನಿಂತಿತು. "24, ಎ" ಅಂದುಕೊಂಡೆ. ಬಾಯಿಂದ ಹೊರಗೇ ಬಂದುಬಿಟ್ಟಿತು ಅನ್ನಿಸುತ್ತದೆ, ಪಕ್ಕದ ಸಾಲಿನ ಹುಡುಗ ತಿರುಗಿ ನೋಡಿದ. ಆದರೆ 23ರ ಸಾಲು ಖಾಲಿ ಬಿಟ್ಟು 24ರಲ್ಲೇ ತುಂಬಿದೆ.